ಅಳಿಸುವ ಮುನ್ನ ಇನ್ನೊಂದು ಪಟ

ನಾಮಕರಣವೋ ಗೃಹಪ್ರವೇಶವೋ ಮುಗಿದು, ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಒಂದು ಫೋನಿನ ಸುತ್ತ ಕೂತು ಆ ದಿನದ ಪಟಗಳನ್ನು ನೋಡುವುದು ಈಗ ಎಲ್ಲ ಕಡೆ ಇರುವ ರೂಢಿ. ಹಾಗೆ ನೋಡುತ್ತಿರುವಾಗ ಒಂದು ಪಟದಲ್ಲಿ ಅಜ್ಜಿಯ ಹೆಗಲ ಪಕ್ಕ ಬೆಳ್ಳಗಿನ ಬಿಲ್ಲೆಯೊಂದು ಕಾಣುತ್ತದೆ. ದುಂಡಗಿದೆ. ಹಿಂದಿನ ಗೋಡೆ ಅದರೊಳಗಿಂದ ಮಸುಕಾಗಿ ತೋರುತ್ತದೆ. ಫೋನ್ ಕೆಟ್ಟಿದೆ ಅನ್ನುತ್ತಾರೆ ಒಬ್ಬರು. ಲೆನ್ಸ್ ಮೇಲೆ ಕೊಳೆ ಕೂತಿದೆ ಅನ್ನುತ್ತಾರೆ ಇನ್ನೊಬ್ಬರು. ತೀರಿಹೋದ ತಾತ ಬಂದು ನಿಂತಿದ್ದಾರೆ ಎಂದು ಮತ್ತೊಬ್ಬರು ಕೈ ಮುಗಿಯುತ್ತಾರೆ.

ಹೊಸದಾಗಿ ಫೋಟೊ ತೆಗೆಯಲು ಕಲಿಯುತ್ತಿರುವವರಿಗೆ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಫ್ಲ್ಯಾಶ್ ಹಾಕಿ ತೆಗೆದ ಪಟದಲ್ಲಿ ಬೇಡದ ಚುಕ್ಕೆ ಕಂಡರೆ ಅದನ್ನು ಅಳಿಸಲು ಅವಸರಪಡಬೇಡಿ. ಅದೇ ಜಾಗದಲ್ಲಿ ನಿಂತು ಇನ್ನೊಂದು ಪಟ ತೆಗೆಯಿರಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಚುಕ್ಕೆ ಬೇರೆ ಕಡೆ ಹೋಯಿತೇ, ಅಲ್ಲೇ ಉಳಿಯಿತೇ, ಅಥವಾ ಒಂದು ವಸ್ತುವಿಗೋ ಮುಖಕ್ಕೋ ಅಂಟಿಕೊಂಡೇ ಬಂದಿತೇ ಎಂದು ಗಮನಿಸಿ. ಚುಕ್ಕೆ ಎಲ್ಲಿ ಹುಟ್ಟಿತು ಎನ್ನುವುದು ಅಷ್ಟರಲ್ಲೇ ಬಹುಪಾಲು ಗೊತ್ತಾಗುತ್ತದೆ. ಕಾರಣ ಗೊತ್ತಾದರೆ ಪರಿಹಾರಕ್ಕೆ ದುಡ್ಡು ಖರ್ಚಾಗುವುದು ಅಪರೂಪ.

ಮೊದಲು ಜಾಗ ಬದಲಿಸುವ ಬಿಲ್ಲೆಯನ್ನು ನೋಡೋಣ. ಹೊಸಬರನ್ನು ಹೆಚ್ಚಾಗಿ ಕಾಡುವುದು ಅದೇ.

ಮನೆಯ ಗಾಳಿಯಲ್ಲಿ ಧೂಳಿನ ಕಣಗಳು ಯಾವಾಗಲೂ ಇರುತ್ತವೆ. ಬೆಳಗ್ಗೆ ಹೆಂಚಿನ ಸಂದಿಯಿಂದಲೋ ಕಿಟಕಿಯಿಂದಲೋ ಬಿಸಿಲಕೋಲು ಬಿದ್ದಾಗ ಅವು ಬರಿಗಣ್ಣಿಗೂ ಕಾಣುತ್ತವೆ. ಫ್ಲ್ಯಾಶ್ ಹೊತ್ತಿದ ಕ್ಷಣದಲ್ಲಿ ಅಂಥದೊಂದು ಕಣ ಲೆನ್ಸಿನ ಎದುರು, ಒಂದು ಗೇಣಿನೊಳಗೆ ತೇಲುತ್ತಿತ್ತು ಎಂದುಕೊಳ್ಳಿ. ಫ್ಲ್ಯಾಶಿನ ಬೆಳಕು ದೂರ ಹೋದಷ್ಟೂ ಬಲುಬೇಗ ಸೊರಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಅಜ್ಜಿ ಕೂತಿರುವುದು 2 ಮೀಟರ್ ದೂರದಲ್ಲಿ, ಧೂಳಿನ ಕಣ ಇರುವುದು 10 ಸೆಂಟಿಮೀಟರ್ ದೂರದಲ್ಲಿ. ಎಂದರೆ ಕಣ 20 ಪಟ್ಟು ಹತ್ತಿರದಲ್ಲಿದೆ. ಲೆಕ್ಕ ಹಾಕಿದರೆ ಅಜ್ಜಿಯ ಮುಖಕ್ಕೆ ಬೀಳುವುದಕ್ಕಿಂತ 400 ಪಟ್ಟು ಹೆಚ್ಚು ಬೆಳಕು ಆ ಕಣದ ಮೇಲೆ ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಪಟದಲ್ಲಿ ಅದು ಅಷ್ಟು ಜೋರಾಗಿ ಹೊಳೆಯುವುದು ಇದರಿಂದಲೇ.

ಹಾಗಾದರೆ ಅದು ಚುಕ್ಕೆಯಾಗಿ ಕಾಣಬೇಕಿತ್ತಲ್ಲ, ತಟ್ಟೆಯಷ್ಟು ದೊಡ್ಡ ಬಿಲ್ಲೆಯಾದದ್ದು ಹೇಗೆ? ಕ್ಯಾಮೆರಾ ಫೋಕಸ್ ಮಾಡಿರುವುದು ಅಜ್ಜಿಯ ಮೇಲೆ. ಅಷ್ಟು ಹತ್ತಿರದ ಕಣ ಫೋಕಸ್ಸಿನಿಂದ ಪೂರ್ತಿ ಹೊರಗಿರುತ್ತದೆ. ಫೋಕಸ್ ತಪ್ಪಿದ ಬೆಳಕಿನ ಬಿಂದು ಹರಡಿಕೊಳ್ಳುತ್ತದೆ, ಹರಡುವಾಗ ಲೆನ್ಸಿನೊಳಗೆ ಬೆಳಕು ನುಗ್ಗುವ ಕಿಂಡಿ, ಅಂದರೆ ಅಪರ್ಚರ್, ಯಾವ ಆಕಾರದಲ್ಲಿದೆಯೋ ಅದೇ ಆಕಾರ ತಾಳುತ್ತದೆ. ಕಿಂಡಿ ದುಂಡಗಿದ್ದರೆ ಬಿಲ್ಲೆಯೂ ದುಂಡು. ಆರು ಎಲೆಗಳ ಅಪರ್ಚರನ್ನು ಕಿರಿದು ಮಾಡಿ ತೆಗೆದಿದ್ದರೆ ಬಿಲ್ಲೆಗೂ ಆರು ಮೂಲೆಗಳು ಬಂದಿರುತ್ತವೆ. ಹಾಗಾಗಿ ಪಟದಲ್ಲಿ ನಿಮಗೆ ಕಾಣುತ್ತಿರುವುದು ಕಣದ ರೂಪವಲ್ಲ, ನಿಮ್ಮ ಲೆನ್ಸಿನ ಕಿಂಡಿಯ ರೂಪ. ಇಷ್ಟು ತಿಳಿದುಕೊಂಡವರು ಪಟವನ್ನು ಹಿಗ್ಗಿಸಿ ಆ ಬಿಲ್ಲೆಯ ಅಂಚನ್ನು ನೋಡಿದರೆ ಭಯ ಹೋಗಿ ಕುತೂಹಲ ಹುಟ್ಟುತ್ತದೆ.

ಮಳೆಗಾಲದ ರಾತ್ರಿ ಚಾರ್ಮಾಡಿ ಘಾಟಿಯಲ್ಲಿ ಗಾಡಿ ಓಡಿಸಿದವರಿಗೆ ತೇಲುವ ಕಣ ಬೆಳಕನ್ನು ಹೇಗೆ ಹಿಂದಿರುಗಿಸುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಂಜು ಕವಿದಾಗ ಹೈಬೀಮ್ ಹಾಕಿದರೆ ಎದುರಿಗೆ ಬಿಳಿಗೋಡೆ ಎದ್ದಂತಾಗಿ ರಸ್ತೆಯೇ ಕಾಣದು. ಕಣ್ಣಿನ ಸಾಲಿನಿಂದ ಸಾಕಷ್ಟು ಕೆಳಗೆ, ಬಂಪರಿನ ಹತ್ತಿರ ಇರುವ ಫಾಗ್ ಲ್ಯಾಂಪು ಹಾಕಿದರೆ ದಾರಿ ಸ್ವಲ್ಪವಾದರೂ ತೆರೆದುಕೊಳ್ಳುತ್ತದೆ. ಬೆಳಕಿನ ದೀಪ ನೋಡುವ ಕಣ್ಣಿನ ಪಕ್ಕದಲ್ಲೇ ಇದ್ದರೆ, ನಡುವೆ ತೇಲುವ ಕಣಕ್ಕೆ ಬಡಿದ ಬೆಳಕು ನೇರ ಕಣ್ಣಿಗೇ ವಾಪಸು ಬರುತ್ತದೆ. ದೀಪ ದೂರ ಸರಿದರೆ ಆ ಬೆಳಕು ಬೇರೆಲ್ಲೋ ಹೋಗುತ್ತದೆ.

ಈಗ ನಿಮ್ಮ ಫೋನಿನ ಬೆನ್ನನ್ನು ನೋಡಿ. ಲೆನ್ಸಿನಿಂದ ಫ್ಲ್ಯಾಶಿನ ದೀಪ ಒಂದೆರಡು ಬೆರಳು ದೂರ, ಅಷ್ಟೆ. ಸಣ್ಣ ಡಿಜಿಟಲ್ ಕ್ಯಾಮೆರಾಗಳಲ್ಲೂ ಹೀಗೇ. ಹಿಂದೆ ಹೀಗಿರಲಿಲ್ಲ. 1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಬೆರೆಸಿದ ಫ್ಲ್ಯಾಶ್ ಪುಡಿ ಬಂದಾಗ, ಪುಡಿಯ ತಟ್ಟೆಯನ್ನು ಕೈಯಲ್ಲಿ ಮೇಲೆತ್ತಿ ಹಿಡಿದು ಉರಿಸುತ್ತಿದ್ದರು. ಆಮೇಲೆ ಬಂದ ಪತ್ರಿಕಾ ಛಾಯಾಗ್ರಾಹಕರ ದೊಡ್ಡ ಕ್ಯಾಮೆರಾಗಳಲ್ಲಿ ಬಲ್ಬು ಮತ್ತು ಅದರ ಬೋಗುಣಿ ಪಕ್ಕಕ್ಕೆ, ಲೆನ್ಸಿನಿಂದ ಸಾಕಷ್ಟು ದೂರದಲ್ಲಿ ನಿಂತಿರುತ್ತಿದ್ದವು. ಕ್ಯಾಮೆರಾ ಕುಗ್ಗುತ್ತ ಜೇಬಿಗೆ ಇಳಿದಂತೆ ಫ್ಲ್ಯಾಶು ಲೆನ್ಸಿನ ಮಗ್ಗುಲಿಗೆ ಬಂತು. ಧೂಳಿನ ಬಿಲ್ಲೆಗಳು ಇಷ್ಟು ಸಾಮಾನ್ಯವಾದದ್ದು ಆ ಕಾರಣಕ್ಕೆ. ಮದುವೆ ಮನೆಯ ವೃತ್ತಿಪರರ ಕ್ಯಾಮೆರಾದ ನೆತ್ತಿಯ ಮೇಲೆ ಎತ್ತರದ ಫ್ಲ್ಯಾಶ್ ಕೂತಿರುತ್ತದಲ್ಲ, ಅದರ ಬೆಳಕು ಲೆನ್ಸಿನ ಮೂಗಿನ ನೇರಕ್ಕಿರುವ ಕಣಗಳನ್ನು ಮುಟ್ಟುವುದೇ ಕಡಿಮೆ. ಅವರ ಪಟಗಳಲ್ಲಿ ಬಿಲ್ಲೆ ಕಾಣದಿರಲು ದುಬಾರಿ ಲೆನ್ಸಿಗಿಂತ ಈ ಎತ್ತರವೇ ಹೆಚ್ಚಿನ ಕಾರಣ.

ರೇಡಿಯೊದಲ್ಲಿ ಪಟ ತೋರಿಸಲಾಗದು. ಆದ್ದರಿಂದ ನೀವೇ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ರಾತ್ರಿ ಒಂದು ಕೋಣೆಯ ದೀಪ ಆರಿಸಿ. ಹಳೆಯ ದಿಂಬನ್ನೋ ಗೋಣಿಚೀಲವನ್ನೋ ಎರಡು ಸಲ ಕೊಡವಿ. ಫೋನಿನ ಫ್ಲ್ಯಾಶ್ ಹಾಕಿ ಎದುರಿನ ಗೋಡೆಯ ಪಟ ತೆಗೆಯಿರಿ. ಬಿಲ್ಲೆಗಳು ತುಂಬಿಕೊಂಡಿರುತ್ತವೆ. ಕೂಡಲೇ ಮತ್ತೊಂದು ತೆಗೆದರೆ ಬಿಲ್ಲೆಗಳಿರುತ್ತವೆ, ಆದರೆ ಎಲ್ಲವೂ ಬೇರೆ ಬೇರೆ ಜಾಗಗಳಲ್ಲಿ. ಈಗ ಫ್ಲ್ಯಾಶ್ ಆಫ್ ಮಾಡಿ. ಮನೆಯವರ ಕೈಗೆ ಇನ್ನೊಂದು ಫೋನ್ ಕೊಟ್ಟು, ನಿಮ್ಮಿಂದ ಒಂದು ಮಾರು ದೂರ ಪಕ್ಕಕ್ಕೆ ನಿಂತು ಟಾರ್ಚನ್ನು ಗೋಡೆಗೆ ಹಿಡಿಯಲು ಹೇಳಿ. ಧೂಳು ಇನ್ನೂ ಗಾಳಿಯಲ್ಲೇ ಇದೆ. ಆದರೆ ಈಗ ತೆಗೆದ ಪಟದಲ್ಲಿ ಬಿಲ್ಲೆಗಳು ಹೆಚ್ಚುಕಡಿಮೆ ಇಲ್ಲವಾಗಿರುತ್ತವೆ. ಇದನ್ನು ಮಕ್ಕಳಿಂದ ಮಾಡಿಸಿ. ಬೆಳಕಿನ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪುಸ್ತಕ ನನಗಂತೂ ಗೊತ್ತಿಲ್ಲ.

ಧೂಳಿನ ಬದಲು ಮಳೆಹನಿ, ಮಂಜು, ಹೊಗೆ ಏನೇ ಇದ್ದರೂ ನಿಯಮ ಇದೇ. ಜಡಿಮಳೆಯ ರಾತ್ರಿ ಅಂಗಳದಲ್ಲಿ ನಿಂತು ಫ್ಲ್ಯಾಶ್ ಹೊಡೆದರೆ ಹನಿಗಳೆಲ್ಲ ಬಿಳಿ ಗುಂಡುಗಳಾಗಿ ಮುಖ ಮುಚ್ಚುತ್ತವೆ. ಸೂರಿನಡಿ ಹಿಂದೆ ಸರಿದು, ಹನಿಗಳು ನಿಮ್ಮಿಂದ ನಾಲ್ಕಾರು ಅಡಿ ಆಚೆ ಬೀಳುವಂತೆ ನಿಂತರೆ ಗುಂಡುಗಳು ಚಿಕ್ಕವಾಗುತ್ತವೆ. ಹೋಮಕುಂಡದ ಎದುರು, ಊದುಬತ್ತಿ ಧೂಪಗಳ ನಡುವೆ ಫ್ಲ್ಯಾಶ್ ಹಾಕಲೇಬೇಡಿ. ಹೊಗೆ ಬೆಳ್ಳಗಾಗಿ ಎದುರು ಕೂತವರ ಮುಖವೇ ಮಾಯವಾಗುತ್ತದೆ. ಅಗ್ನಿಯ ಬೆಳಕೇ ಅಲ್ಲಿ ಸುಂದರವಾಗಿರುತ್ತದೆ. ಐಎಸ್‌ಒ (ಬೆಳಕು ಹಿಡಿಯುವ ಶಕ್ತಿ) 1600ಕ್ಕೆ ಏರಿಸಿ, ಕೈ ಅಲುಗದಂತೆ ಕಂಬಕ್ಕೆ ಒರಗಿ ತೆಗೆಯಿರಿ. ಮೈಲಾರದ ಜಾತ್ರೆಯಲ್ಲಿ, ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಭಂಡಾರ ಎರಚುತ್ತಾರಲ್ಲ, ಆ ಅರಿಸಿನದ ಪುಡಿಯ ನಡುವೆ ಫ್ಲ್ಯಾಶ್ ಹೊಡೆದರೆ ಬಿಲ್ಲೆಗಳಿಗೂ ಅರಿಸಿನದ ಬಣ್ಣ ಬರುತ್ತದೆ. ಬಣ್ಣದ ಬಿಲ್ಲೆ ಕಂಡರೆ ಗಾಳಿಯಲ್ಲಿ ಏನಿತ್ತು ಎಂದು ನೆನಪು ಮಾಡಿಕೊಳ್ಳಿ, ಉತ್ತರ ಸಿಗುತ್ತದೆ.

ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಕಡಲಿಗಿಳಿದು ಮೀನುಗಳ ಪಟ ತೆಗೆಯುವವರಿಗೆ ಈ ಕಾಟ ಇನ್ನೂ ಹೆಚ್ಚು. ನೀರಿನಲ್ಲಿ ತೇಲುವ ಮರಳು, ಕಸ, ಸೂಕ್ಷ್ಮ ಜೀವಿಗಳೆಲ್ಲ ಹಿಮ ಸುರಿಯುತ್ತಿರುವ ಹಾಗೆ ಪಟದಲ್ಲಿ ಮೂಡುತ್ತವೆ. ಅದಕ್ಕಾಗಿ ಅವರು ಕ್ಯಾಮೆರಾದ ಎರಡೂ ಕಡೆ ಉದ್ದ ತೋಳುಗಳನ್ನು ಜೋಡಿಸಿ, ತುದಿಯಲ್ಲಿ ಫ್ಲ್ಯಾಶ್ ಕಟ್ಟಿ, ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸಿಕೊಳ್ಳುತ್ತಾರೆ. ನೆಲದ ಮೇಲಿರುವ ನಮಗೂ ಅದೇ ಮದ್ದು: ಬೆಳಕನ್ನು ಲೆನ್ಸಿನಿಂದ ದೂರ ಮಾಡುವುದು. ಹೊರಗಿನ ಫ್ಲ್ಯಾಶ್ ಇದ್ದರೆ ಅದರ ತಲೆಯನ್ನು ಬಿಳಿ ತಾರಸಿಯ ಕಡೆ ತಿರುಗಿಸಿ. ಬೆಳಕು ಮೇಲೆ ಬಡಿದು, ಹರಡಿ, ಮೆತ್ತಗೆ ಇಳಿಯುತ್ತದೆ. ಹೆಂಚಿನ ಮಾಡಿಗೆ, ಬಣ್ಣದ ಚಪ್ಪರಕ್ಕೆ, ಎತ್ತರದ ಕಲ್ಯಾಣಮಂಟಪಕ್ಕೆ ಈ ಉಪಾಯ ನಡೆಯದು. ಹೆಂಚು ಬೆಳಕನ್ನು ನುಂಗುತ್ತದೆ, ಚಪ್ಪರ ತನ್ನ ಬಣ್ಣವನ್ನು ಎಲ್ಲರ ಮುಖಕ್ಕೂ ಬಳಿಯುತ್ತದೆ. ಅಂಥ ಕಡೆ ಪಕ್ಕದ ಬಿಳಿಗೋಡೆಯನ್ನು ಹುಡುಕಿಕೊಳ್ಳಿ, ಇಲ್ಲವೇ ಯಾರ ಕೈಯಲ್ಲಾದರೂ ಥರ್ಮೊಕೋಲ್ ಹಾಳೆಯೊಂದನ್ನು ಹಿಡಿಸಿ.

ತಾತ ಬಂದರು ಎಂದು ಕೈ ಮುಗಿದವರ ಬಗ್ಗೆಯೂ ಎರಡು ಮಾತು ಹೇಳಬೇಕು. ಅಗಲಿದವರನ್ನು ನೆನೆಯುವ ಮನಸ್ಸು ದೊಡ್ಡದು, ಅದನ್ನು ಗೇಲಿ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಇಂಥ ಪಟಗಳನ್ನು ಮುಂದಿಟ್ಟು, ಮನೆಯಲ್ಲಿ ದೋಷವಿದೆ, ಶಾಂತಿ ಮಾಡಿಸಬೇಕು ಎಂದು ಯಾರಾದರೂ ಹಣ ಕೇಳಿದರೆ, ಈಗ ಹೇಳಿದ ದಿಂಬು ಕೊಡವುವ ಪರೀಕ್ಷೆಯನ್ನು ಅವರೆದುರೇ ಮಾಡಿ ತೋರಿಸಿ.

ಇನ್ನು ಜಾಗ ಬಿಟ್ಟು ಕದಲದ ಚುಕ್ಕೆ. ಪಟ ಬದಲಾದರೂ, ಊರು ಬದಲಾದರೂ, ಮೇಲಿನ ಎಡಮೂಲೆಯಲ್ಲಿ ಅದೇ ಬೂದು ಕಲೆ. ಇದು ಗಾಳಿಯದಲ್ಲ, ಕ್ಯಾಮೆರಾದ್ದು. ಲೆನ್ಸ್ ಬದಲಿಸುವಂಥ ಕ್ಯಾಮೆರಾ ಆಗಿದ್ದರೆ ಒಳಗೆ ಬಿಂಬ ಮೂಡುವ ಸೆನ್ಸರಿನ ಮೇಲೆ ಧೂಳು ಕೂತಿರುವ ಸಾಧ್ಯತೆ ಹೆಚ್ಚು. ಪರೀಕ್ಷೆ ಸುಲಭ. ಅಪರ್ಚರನ್ನು ಎಫ್ 22ಕ್ಕೆ, ಅಂದರೆ ಕಿರಿದಾಗಿ, ಇಟ್ಟು ಬಿಳಿಗೋಡೆಯದೋ ಬರಿ ಆಕಾಶದ್ದೋ ಪಟ ತೆಗೆಯಿರಿ. ಮತ್ತೆ ಎಫ್ 4ಕ್ಕೆ, ಅಂದರೆ ಅಗಲವಾಗಿ, ಇಟ್ಟು ತೆಗೆಯಿರಿ. ಮೊದಲನೆಯದರಲ್ಲಿ ಕಪ್ಪಾಗಿ ಎದ್ದು ಕಂಡು ಎರಡನೆಯದರಲ್ಲಿ ಕರಗಿಹೋದರೆ ಅದು ಸೆನ್ಸರಿನ ಧೂಳೇ. ಕಿಂಡಿ ಕಿರಿದಾದಾಗ ಬೆಳಕು ಸಣ್ಣ ಗೂಟದಂತೆ ಬಂದು ಕಣದ ನೆರಳನ್ನು ಚೂಪಾಗಿ ಬೀಳಿಸುತ್ತದೆ, ಕಿಂಡಿ ಅಗಲವಾದಾಗ ಬೆಳಕು ಸುತ್ತಮುತ್ತಲಿಂದ ನುಗ್ಗಿ ನೆರಳನ್ನು ಅಳಿಸಿಬಿಡುತ್ತದೆ.

ಕ್ಯಾಮೆರಾವನ್ನು ಬಾಯಿ ಕೆಳಗಾಗಿ ಹಿಡಿದು, ಸೆನ್ಸರ್ ಶುಚಿ ಮಾಡುವ ಮೋಡ್‌ಗೆ ಹಾಕಿ, ರಬ್ಬರ್ ಬ್ಲೋವರಿನಿಂದ ನಾಲ್ಕೈದು ಸಲ ಗಾಳಿ ಒತ್ತಿದರೆ ಸಾಮಾನ್ಯ ಧೂಳು ಉದುರುತ್ತದೆ. ಬ್ಯಾಟರಿ ತುಂಬಿರಲಿ, ಅರ್ಧದಲ್ಲಿ ಮುಗಿದು ಶಟರ್ ಮುಚ್ಚಿಕೊಂಡರೆ ಅನಾಹುತ. ಎಲ್ಲಿ ಹುಡುಕಬೇಕು ಎಂಬುದಕ್ಕೊಂದು ಗುರುತು: ಲೆನ್ಸ್ ಮೂಡಿಸುವ ಬಿಂಬ ತಲೆಕೆಳಗು. ಪಟದ ಮೇಲಿನ ಎಡಮೂಲೆಯಲ್ಲಿ ಕಲೆ ಕಂಡರೆ, ಕ್ಯಾಮೆರಾದ ಎದುರು ನಿಂತು ಒಳಗೆ ನೋಡುವಾಗ ಧೂಳು ಇರುವುದು ಕೆಳಗಿನ ಎಡಮೂಲೆಯಲ್ಲಿ. ಬಾಯಿಂದ ಊದಬೇಡಿ, ಉಗುಳಿನ ಹನಿ ತಾಗಿದರೆ ಧೂಳಿಗಿಂತ ಕಷ್ಟ. ಪಂಚೆಯ ತುದಿ, ಸೀರೆಯ ಸೆರಗು, ಕನ್ನಡಕದ ಬಟ್ಟೆ ಯಾವುದನ್ನೂ ಒಳಗೆ ತಾಗಿಸಬೇಡಿ. ಊದಿದರೂ ಹೋಗದ ಕಲೆಯನ್ನು ತಿಳಿದವರ ಕೈಗೇ ಬಿಡಿ. ಲೆನ್ಸ್ ಬದಲಿಸುವಾಗ ಫ್ಯಾನ್ ನಿಲ್ಲಿಸುವುದನ್ನು ಅಭ್ಯಾಸ ಮಾಡಿಕೊಂಡರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ.

ಫೋನಿನಲ್ಲಿ ಕದಲದ ಬಿಳಿ ಮಬ್ಬು ಬಂದರೆ ಮೊದಲು ಲೆನ್ಸಿನ ಗಾಜನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ. ಬೆರಳಿನ ಜಿಡ್ಡು ಸಾಕು, ಫ್ಲ್ಯಾಶಿನ ಬೆಳಕನ್ನು ಹರಡಿಬಿಡಲು. ಆಮೇಲೆ ಬ್ಯಾಕ್ ಕವರ್ ಕಳಚಿ ಇನ್ನೊಂದು ಪಟ ತೆಗೆಯಿರಿ. ಕವರಿನ ಅಂಚು, ಅದರಲ್ಲೂ ತಿಳಿಬಣ್ಣದ್ದು ಅಥವಾ ಪಾರದರ್ಶಕವಾದದ್ದು, ಪಕ್ಕದ ಫ್ಲ್ಯಾಶಿನ ಬೆಳಕನ್ನು ಲೆನ್ಸಿನೊಳಕ್ಕೆ ಹಾಯಿಸುವುದುಂಟು. ಲೆನ್ಸಿಗೆ ಅಂಟಿಸಿದ ಅಗ್ಗದ ರಕ್ಷಣಾ ಗಾಜೂ ಇದನ್ನೇ ಮಾಡುತ್ತದೆ. ಕವರ್ ತೆಗೆದ ಕೂಡಲೇ ಪಟ ತಿಳಿಯಾದರೆ ರಿಪೇರಿ ಅಂಗಡಿಗೆ ಹೋಗುವ ಅಗತ್ಯವಿಲ್ಲ. ಕರಾವಳಿ, ಮಲೆನಾಡಿನವರು ಲೆನ್ಸಿನೊಳಗೆ ಬೂಸ್ಟು ಹಿಡಿದಿದೆಯೇ ಎಂದೂ ನೋಡಬೇಕು. ಟಾರ್ಚ್ ಬಿಟ್ಟು ಇಣುಕಿದರೆ ಜೇಡನ ಎಳೆಗಳಂಥ ಗೆರೆಗಳು ಕಾಣುತ್ತವೆ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುವುದೇ ದಾರಿ.

ಮೂರನೆಯದು ವಸ್ತುವಿಗೆ ಅಂಟಿಕೊಂಡ ಹೊಳಪು. ಗೋಡೆಯಲ್ಲಿ ಹಾರ ಹಾಕಿದ ಹಿರಿಯರ ಫೋಟೊ, ಬೀರುವಿನ ಕನ್ನಡಿ, ಪಾಲಿಶ್ ಹಾಕಿದ ಗ್ರಾನೈಟ್ ಇವುಗಳಿಗೆ ನೇರ ಎದುರಾಗಿ ನಿಂತು ಫ್ಲ್ಯಾಶ್ ಹೊಡೆದರೆ ಬೆಳಕು ಅದೇ ದಾರಿಯಲ್ಲಿ ಹಿಂದಿರುಗಿ ದೊಡ್ಡ ಬಿಳಿ ಮಚ್ಚೆಯಾಗುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನಿಂತರೆ ಸಾಕು. ಕನ್ನಡಕ ಹಾಕಿದವರಿಗೆ ಗದ್ದ ಒಂದಿಷ್ಟು ತಗ್ಗಿಸಲು ಹೇಳಿ, ಇಲ್ಲವೇ ಕಿವಿಯ ಮೇಲಿನ ಕಡ್ಡಿಗಳನ್ನು ಕೂದಲೆಳೆಯಷ್ಟು ಮೇಲೆತ್ತಿಸಿ. ಆಗ ಗಾಜು ಕೆಳಮುಖವಾಗಿ ಹೊಳಪು ನೆಲಕ್ಕೆ ಹೋಗುತ್ತದೆ. ಬೆವರಿದ ಹಣೆ, ಮೂಗಿನ ತುದಿ ಬೆಳ್ಳಗೆ ಸುಟ್ಟಂತೆ ಕಂಡರೆ ಒಂದು ಕರವಸ್ತ್ರವೇ ಮದ್ದು. ಪಟ ತೆಗೆದ ಮೇಲೆ ಕಂಪ್ಯೂಟರಿನಲ್ಲಿ ತಿದ್ದುವುದಕ್ಕಿಂತ ತೆಗೆಯುವ ಮುಂಚೆ ಒರೆಸಿಕೊಳ್ಳಿ ಎಂದು ಪ್ರೀತಿಯಿಂದ ಹೇಳುವುದು ಮೇಲು. ಚರ್ಮದ ನಿಜವಾದ ಬಣ್ಣ ಉಳಿಯುತ್ತದೆ.

ಕೊನೆಯದಾಗಿ ಕಣ್ಣುಗಳ ವಿಚಾರ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ.

ಮಂದಬೆಳಕಿನಲ್ಲಿ ಕಣ್ಣಿನ ಪಾಪೆ ಹಿಗ್ಗಿರುತ್ತದೆ. ಲೆನ್ಸಿನ ಪಕ್ಕದಲ್ಲೇ ಇರುವ ಫ್ಲ್ಯಾಶಿನ ಬೆಳಕು ಆ ತೆರೆದ ಪಾಪೆಯೊಳಗೆ ಹೊಕ್ಕು, ಹಿಂಬದಿಯ ರಕ್ತನಾಳಗಳ ಪದರಕ್ಕೆ ತಾಗಿ ಕೆಂಪಾಗಿ ವಾಪಸು ಬರುತ್ತದೆ. ಕೆಂಗಣ್ಣು ಬರುವುದು ಹೀಗೆ, ಅದು ಕಾಯಿಲೆಯಲ್ಲ. ಕೋಣೆಯ ದೀಪಗಳನ್ನೆಲ್ಲ ಹೊತ್ತಿಸಿದರೆ ಪಾಪೆ ಕಿರಿದಾಗುತ್ತದೆ, ಕೆಂಪು ಕಡಿಮೆಯಾಗುತ್ತದೆ. ಫ್ಲ್ಯಾಶ್ ಹೊಡೆಯುವ ಮೊದಲು ಒಂದೆರಡು ಸಲ ಮಿನುಗುವ ವ್ಯವಸ್ಥೆ ಕೆಲವು ಕ್ಯಾಮೆರಾಗಳಲ್ಲಿರುವುದೂ ಇದಕ್ಕೇ. ನಾಯಿ, ಬೆಕ್ಕು, ದನಗಳ ಕಣ್ಣು ಹಸಿರಾಗಿಯೋ ಹಳದಿಯಾಗಿಯೋ ಹೊಳೆಯುತ್ತದೆ. ಅವುಗಳ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಂದಿರುಗಿಸುವ ಬೇರೆಯದೇ ಪದರವಿದೆ.

ಆದರೆ ಪುಟ್ಟ ಮಗುವಿನ ಪಟದಲ್ಲಿ ಒಂದು ಕಣ್ಣು ಕೆಂಪಾಗಿ, ಇನ್ನೊಂದು ಬೆಳ್ಳಗೋ ತಿಳಿಹಳದಿಯಾಗಿಯೋ ಹೊಳೆದರೆ, ಪಟ ಕೆಟ್ಟಿದೆ ಎಂದು ಅದನ್ನು ತಳ್ಳಿಹಾಕಬೇಡಿ. ಮಗು ಕೊಂಚ ಪಕ್ಕಕ್ಕೆ ನೋಡುತ್ತಿದ್ದಾಗ, ಕಣ್ಣಿನ ನರ ಹೊರಡುವ ಬಿಳಿಯ ಜಾಗಕ್ಕೇ ಬೆಳಕು ಬಿದ್ದು ಹೀಗಾಗುವುದುಂಟು, ಅದರಲ್ಲಿ ಅಪಾಯವಿಲ್ಲ. ಕಣ್ಣಿನ ಮಸೂರಕ್ಕೆ ಪೊರೆ ಬಂದಿದ್ದರೂ ಹೀಗೆ ಕಾಣಬಹುದು. ಆದರೆ ಅಕ್ಷಿಪಟಲದಲ್ಲಿ ಬೆಳೆಯುವ ರೆಟಿನೊಬ್ಲಾಸ್ಟೊಮ ಎಂಬ ಕ್ಯಾನ್ಸರಿನ ಮೊದಲ ಗುರುತೂ ಇದೇ ಬಿಳಿ ಹೊಳಪು. ಹೆಚ್ಚಾಗಿ 5 ವರ್ಷದೊಳಗಿನ ಮಕ್ಕಳಿಗೆ ಬರುವ ಕಾಯಿಲೆ ಅದು. ಮಗುವಿಗೆ ನೋವಿರುವುದಿಲ್ಲ, ಹೇಳಿಕೊಳ್ಳಲು ಮಾತೂ ಬಂದಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಅದನ್ನು ಮೊದಲು ಕಂಡದ್ದು ಅಪ್ಪ ಅಮ್ಮ ತೆಗೆದ ಫ್ಲ್ಯಾಶ್ ಪಟದಲ್ಲಿ. ಬೇಗ ಪತ್ತೆಯಾದರೆ ಜೀವ ಉಳಿಸಬಹುದು, ಬಹಳಷ್ಟು ಸಲ ಕಣ್ಣನ್ನೂ ಉಳಿಸಬಹುದು.

ಇಲ್ಲಿಯೂ ಮೊದಲ ಕೆಲಸ ಹಳೆಯ ಪಟಗಳನ್ನು ತಿರುವಿ ಹಾಕುವುದು. ಬೇರೆ ಬೇರೆ ದಿನ, ಬೇರೆ ಬೇರೆ ಕೋನದಿಂದ ತೆಗೆದವುಗಳಲ್ಲಿ ಅದೇ ಕಣ್ಣು ಬೆಳ್ಳಗೆ ಕಾಣುತ್ತಿದೆಯೇ ನೋಡಿ. ಕೆಂಗಣ್ಣು ಅಳಿಸುವ ಸೌಲಭ್ಯವನ್ನು ಆಫ್ ಮಾಡಿ, ಮಗು ನೇರ ಕ್ಯಾಮೆರಾ ನೋಡುವಾಗ ಇನ್ನೊಂದು ಪಟ ತೆಗೆಯಿರಿ. ಮತ್ತೆ ಕಂಡರೆ ಕಾಯಬೇಡಿ, ದೃಷ್ಟಿ ತೆಗೆಸುತ್ತ ದಿನ ಕಳೆಯಬೇಡಿ. ಮತ್ತೆ ಕಾಣದಿದ್ದರೂ ಮನಸ್ಸಿನಲ್ಲಿ ಅನುಮಾನ ಉಳಿದಿದ್ದರೆ, ಅಥವಾ ಮಗುವಿಗೆ ಮೆಳ್ಳೆಗಣ್ಣಿದ್ದರೆ, ತೋರಿಸಿಬಿಡುವುದೇ ಸರಿ. ಆ ಪಟಗಳನ್ನು ಫೋನಿನಲ್ಲಿ ಹಾಗೇ ಇಟ್ಟುಕೊಂಡು ಕಣ್ಣಿನ ವೈದ್ಯರ ಹತ್ತಿರ ಹೋಗಿ. ಹತ್ತಿರದ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗವಾದರೂ ಸರಿ, ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಾದರೂ ಸರಿ. ಹನಿ ಹಾಕಿ ಪಾಪೆ ಹಿಗ್ಗಿಸಿ, ಒಳಗಿನ ಅಕ್ಷಿಪಟಲವನ್ನು ಪೂರ್ತಿ ನೋಡಿ ಎಂದು ಕೇಳಿ. ಪಟವನ್ನು ಅವರಿಗೆ ತೋರಿಸಲು ಮರೆಯಬೇಡಿ.